ಕೈರೊಟ್ಟಿ

ಬೆಟಗೇರಿ,
ಉರಿಗಾಲದ ಮೂವತ್ತೆಂಟನೆಯ ತಾರೀಖು,
ಕ್ರಿಸ್ತಶಕ ಎರಡು ಸಾವಿರದ ಇನ್ನೂರ ಹನ್ನೊಂದು.

ನಮಗಿಂತ ಮುಂಚೆ ಈ ಊರಲ್ಲಿ ಬಾಳುತ್ತಿರುವ ಹಿರಿಯರಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಲ್ಲಿ ಒಬ್ಬಳಾದ ದೆಬೋರವ್ವ ಮಾಡುವ ವಂದನೆಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ತಿಂಗಳುಗಳು ಮೂವತ್ತೊಂದಕ್ಕೆ ಮುಗಿಯುತ್ತಿದ್ದವಂತೆ. ನಮ್ಮ ಬೇಸಿಗೆ ಆ ಮಾತು ಕೇಳುವುದಿಲ್ಲ. ಅದು ಮುಗಿಯುವವರೆಗೂ ಒಂದೇ ತಿಂಗಳೆಂದು ಎಣಿಸುತ್ತೇವೆ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದಾವು, ಗೊತ್ತಿರುವ ಪದಗಳಿಗೆ ಬೇರೆ ಅರ್ಥ ಇದ್ದೀತು. ಅದಕ್ಕೆ ಬೇಸರಿಸಬಾರದು, ಬಂದ ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಾನು ನೇಯುವವಳು, ಬರೆಯುವವಳಲ್ಲ. ಒಂದು ಸಾವಿನ ಸುದ್ದಿ ತಿಳಿಸಬೇಕಾಗಿದೆ. ಇಲ್ಲಿಯವರಿಗೆ ಹೇಳೋಣವೆಂದರೆ ಅವರಿಗೆಲ್ಲ ಗೊತ್ತು, ಗೊತ್ತಿದ್ದವರ ಮುಂದೆ ಅಳುವುದಕ್ಕೆ ನನಗೆ ಬರುವುದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಬಯಲು ಎಂಬುದು ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ. ನಡುವಿನದು ಉರಿಹೊತ್ತು. ಆಗ ಹೊರಗೆ ಸಿಕ್ಕಿದ ಜೀವ ಉಳಿಯುವುದಿಲ್ಲ. ಅದಕ್ಕಾಗಿ ಊರಿನ ಕೆಳಗೆ ನೆಲಮನೆ ಕೊರೆದಿದ್ದಾರೆ. ಮಗ್ಗಗಳೂ ಅಲ್ಲೇ, ಮಕ್ಕಳ ಶಾಲೆಯೂ ಅಲ್ಲೇ, ಒಲೆಗಳೂ ಜಗಳಗಳೂ ಅಲ್ಲೇ. ಪಕ್ಕದ ಮನೆಯ ಸಾರಿಗೆ ಉಪ್ಪು ಹೆಚ್ಚಾದರೆ ನಮ್ಮ ಮನೆಯಲ್ಲಿ ಕೂತೇ ಹೇಳಬಹುದು, ಅಷ್ಟು ಒತ್ತೊತ್ತು. ನೆಲಮನೆಗೆ ಇರುವುದು ಒಂದೇ ಕದ. ಹೊತ್ತಾದ ಕೂಡಲೇ ಅದು ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚಿದರೆ ಸಂಜೆಯ ತನಕ ಒಳಗಿನವರಿಗೂ ತೆರೆಯಲು ಬಾರದು. ತೆರೆದರೆ ಒಳಗಿನವರೆಲ್ಲ ಬೇಯುತ್ತಾರೆಂದು ಕಟ್ಟಿದವರು ಹಾಗೆ ಮಾಡಿದ್ದಾರೆ. ಆದರೆ ಪಕ್ಕದಲ್ಲೊಂದು ಹಿಡಿಕೆಯಿದೆ. ಅದನ್ನು ಅದುಮಿ ಹಿಡಿದರೆ ಕದ ಸ್ವಲ್ಪ ಹೊತ್ತು ಕಾಯುತ್ತದೆ. ಹಿಡಿಯುವವನಿಗೆ ಕದದಪ್ಪ ಎನ್ನುತ್ತೇವೆ. ಅವನು ಒಳಕ್ಕೊಮ್ಮೆ, ಹೊರಕ್ಕೊಮ್ಮೆ "ಎಲ್ಲಾರೂ ಬಂದ್ರೇನು?" ಎಂದು ಕೂಗಬೇಕು. ಹೊರಗಿನಿಂದ ಯಾವ ದನಿಯೂ ಬರದಿದ್ದರೆ ಮಾತ್ರ ಕೈ ಬಿಡಬೇಕು.

ಕದಕ್ಕೂ ದನಿಯುಂಟು. ನಿಮ್ಮ ಕಾಲದಲ್ಲೇ ಯಂತ್ರಗಳು ಮಾತು ಕಲಿತವಂತೆ, ಕಲಿಸಿದವರಿಗೆ ಒಳ್ಳೆಯದಾಗಲಿ. ಮುಚ್ಚಿದ ಕದವನ್ನು ಯಾರಾದರೂ ಮುಟ್ಟಿದರೆ ಅದು ಬಹಳ ನಯವಾಗಿ "ಕ್ಷಮಿಸಿ" ಎನ್ನುತ್ತದೆ. ನಲ್ಲಿ ಬತ್ತಿದರೆ ನಲ್ಲಿಯೂ ಹಾಗೇ ಎನ್ನುತ್ತದೆ, ದೀಪ ಆರಿದರೆ ದೀಪವೂ. ಹೀಗಾಗಿ ಆ ಪದಕ್ಕೆ ನಮ್ಮ ಮಕ್ಕಳ ಬಾಯಲ್ಲಿ "ಆಗುವುದಿಲ್ಲ" ಎಂಬುದೊಂದೇ ಅರ್ಥ ಉಳಿದಿದೆ. ನಮ್ಮ ಸಭೆಯ ಹಿರಿಯರು ಅದನ್ನು ಪ್ರಾರ್ಥನೆಯಿಂದ ತೆಗೆದು "ಮನ್ನಿಸು" ಎಂಬ ಹಳೆಯ ಮಾತನ್ನು ಇಟ್ಟುಕೊಂಡರು. ಒಬ್ಬರ ಮಾತು ಮನ್ನಿಸುವುದೆಂದರೆ ಕಿವಿಗೊಟ್ಟು ಬೆಲೆ ಕೊಡುವುದು. ತಪ್ಪು ಮನ್ನಿಸುವುದಕ್ಕೂ ಅದೇ ಪದ. ಯಂತ್ರಗಳಿಗೆ ಅದಿನ್ನೂ ಬಂದಿಲ್ಲ.

ಇನ್ನೊಂದು ಪದ್ಧತಿಯೂ ನಮ್ಮಲ್ಲಿ ಬೆಳೆದಿದೆ. ಸಭೆಯವರೆಲ್ಲ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ನಿಮ್ಮ ಹಾಗೆ ಗೋಧಿಯ ರೊಟ್ಟಿ ನಮಗಿಲ್ಲ, ಒಣಗಿ ಗರಿಗರಿಯಾದ ಕಟಕ ಜೋಳದ ರೊಟ್ಟಿ. ಎಲ್ಲರಿಗೂ ಸಭೆಯ ಪಾದ್ರಿ ಅಯ್ಯನವರೇ ಮುರಿದು ಕೊಡುತ್ತಾರೆ. ಆದರೆ ಒಬ್ಬರು ಇನ್ನೊಬ್ಬರಿಗೆ ದೊಡ್ಡ ಅನ್ಯಾಯ ಮಾಡಿದ್ದರೆ, ನೊಂದವರೇ ತಮ್ಮ ಕೈಯಿಂದ ಅವರಿಗೆ ಆ ರೊಟ್ಟಿ ಕೊಡಬೇಕು. ಅದು ಕೈರೊಟ್ಟಿ. ಕೊಡೆಂದು ಯಾರೂ ಒತ್ತಾಯಿಸುವಂತಿಲ್ಲ, ಕೊಡುವವರೆಗೆ ಇಬ್ಬರೂ ತಿನ್ನುವಂತಿಲ್ಲ. ಒಳ್ಳೆಯ ಪದ್ಧತಿ ಎಂದು ನಾನೂ ಹೇಳುತ್ತಿದ್ದೆ, ನನ್ನ ಪಾಲಿಗೆ ಬರುವವರೆಗೆ.

ನಮ್ಮ ಕದದಪ್ಪನ ಹೆಸರು ತೀತಪ್ಪ. ಅವನು ಎಂದೇ ಬರೆಯುತ್ತೇನೆ. ನನಗಿಂತ ಹಿರಿಯ, ಬಹುವಚನ ಸಲ್ಲಬೇಕಿತ್ತು. ಸಿಟ್ಟಿನ ವರ್ಷಗಳಲ್ಲಿ ಏಕವಚನ ನಾಲಿಗೆಗೆ ಹತ್ತಿ, ಈಗ ಸಿಟ್ಟು ಹೋದರೂ ಅದು ಹೋಗಿಲ್ಲ. ನನಗೊಬ್ಬಳೇ ಮಗಳು, ತಬಿತಾ. ತಬ್ಬಿ ಎಂದು ಕರೆಯುತ್ತಿದ್ದೆವು. ಸಭೆಯ ಹುಡುಗಿಯರಿಗೆ ಹಾಡು ಕಲಿಸುತ್ತಿದ್ದಳು. ಒಂದು ಬೆಳಿಗ್ಗೆ ಹಾರ್ಮೋನಿಯಂ, ನಮ್ಮವರ ಬಾಯಲ್ಲಿ ಪೇಟಿ, ಮೇಲೆ ಬಯಲಿನಲ್ಲಿರುವ ಸಭೆಯ ಗುಡಿಯಲ್ಲೇ ಉಳಿದಿತ್ತು. ಉರಿಯಲ್ಲಿ ಬಿಟ್ಟರೆ ಅದರ ತಿದಿ ಸೀಳುತ್ತದೆಂದು ತರಲು ಓಡಿದಳು. ನಾನು ಅವಳು ಹಾಡುವ ಹುಡುಗಿಯರ ಜೊತೆ ಆಚೆ ತುದಿಯಲ್ಲಿದ್ದಾಳೆಂದುಕೊಂಡು ಮಗ್ಗಕ್ಕೆ ಕೂತೆ. ಅದೇ ಹೊತ್ತಿಗೆ ತೀತಪ್ಪನ ಹೆಂಡತಿ ಮಾರ್ತವ್ವ ಜನರ ನಡುವೆ ಎಚ್ಚರ ತಪ್ಪಿ ಬಿದ್ದಳು. ತೀತಪ್ಪ ಹಿಡಿಕೆ ಬಿಟ್ಟು ಅವಳ ಕಡೆ ಓಡಿದ. ಹೊರಕ್ಕೆ ಕೂಗಲಿಲ್ಲ. ಕದ ಮುಚ್ಚಿಕೊಂಡಿತು.

ಆ ದಿನ ಕದ ಬಹಳ ಮಾತಾಡಿತು. ಕ್ಷಮಿಸಿ, ಕ್ಷಮಿಸಿ ಎಂದು ದಪ್ಪ ಗೋಡೆಯಾಚೆಯಿಂದ ಸಣ್ಣಗೆ ಕೇಳುತ್ತಲೇ ಇತ್ತು. ಯಾರೂ ಕಿವಿಗೊಡಲಿಲ್ಲ, ಅದು ಯಾವಾಗಲೂ ಏನಾದರೂ ಗೊಣಗುತ್ತದೆ. ನಾನೂ ಕೇಳಿದೆ. ಹರಿದ ಎಳೆ ಕೂಡಿಸುತ್ತಿದ್ದೆ. ಆಮೇಲೆ ಅದು ಸುಮ್ಮನಾಯಿತು. ಸಂಜೆ ತೆರೆದಾಗ ತಬ್ಬಿ ಮೆಟ್ಟಿಲ ಮೇಲೆ ಕೂತಿದ್ದಳು. ತನ್ನ ಓಢಣಿಯನ್ನು ಹಾರ್ಮೋನಿಯಂಗೆ ಹೊದಿಸಿದ್ದಳು.

ತೀತಪ್ಪ ಯಾರೂ ಕೇಳುವ ಮೊದಲೇ ಸಭೆಯ ಮುಂದೆ ನಿಂತ. "ನಾ ಕೂಗಲಿಲ್ರಿ. ಕೂಗಲಾರದ ಕೈ ಬಿಟ್ಟೆ" ಎಂದ. ಹೆಂಡತಿ ಬಿದ್ದದ್ದನ್ನು ಅವನು ಹೇಳಲಿಲ್ಲ, ಬೇರೆಯವರು ಹೇಳಿದರು. ಅವನು ಅದನ್ನೊಂದು ನೆಪವಾಗಿ ಹಿಡಿದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಬಾಯ್ತುಂಬ ಬಯ್ಯಬಹುದಿತ್ತು. ಅವನು ಕದದ ಕೆಲಸ ಬಿಟ್ಟ. ಪ್ರತಿ ಭೋಜನದ ದಿನವೂ ಕಡೆಯ ಬೆಂಚಿನಲ್ಲಿ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಬೇಡುವ ಕೈ ಅಲ್ಲ ಅದು. ಆದರೂ ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ನಮ್ಮ ಅಯ್ಯನವರು ಪ್ರಸಂಗ ಮಾಡಿದರೆ ಕಲ್ಲೂ ಕರಗುತ್ತದೆಂದು ಹೆಣ್ಣುಮಕ್ಕಳು ಹೇಳುತ್ತಿದ್ದರು. ನಾನು ಕಲ್ಲಿಗಿಂತ ಒಂದು ಕೈ ಮೇಲಿದ್ದೆ. ಒಮ್ಮೆ ಅವರು ಮನೆಗೇ ಬಂದು, "ಕರ್ತ ಅವನ್ನ ಶಿಲುಬಿ ಮ್ಯಾಲ ಎಂದೋ ಮನ್ನಿಸ್ಯಾನವ್ವಾ. ರೊಟ್ಟಿ ನಿಂದಲ್ಲ, ಆತಂದು. ದಾಟಿಸೂದಷ್ಟ ನಿನ್ನ ಕೆಲಸ" ಎಂದರು. ನಾನು, "ದೇವರ ಮಗ ಮೂರನೇ ದಿನ ಎದ್ದು ಬಂದ್ನಲ್ರಿ, ಅಯ್ಯನವರ" ಎಂದೆ. ಅವರು ಅಲ್ಲೇ ಮಗ್ಗದ ಪಕ್ಕ ಕೂತು ನನ್ನ ಜೊತೆ ಅತ್ತರು. ಆವತ್ತಿನಿಂದ ಅವರ ಪ್ರಸಂಗದ ಮೇಲಲ್ಲದಿದ್ದರೂ ಅವರ ಮೇಲೆ ನನಗೆ ನಂಬಿಕೆ ಬಂತು.

ಅದೇ ನಂಬಿಕೆಯಲ್ಲಿ ಒಂದು ಶುಭ ಶುಕ್ರವಾರ ಎದ್ದು ನಿಂತೆ. ಅಯ್ಯನವರ ತಟ್ಟೆಯಿಂದ ರೊಟ್ಟಿಯ ತುಂಡು ತೆಗೆದುಕೊಂಡು ಕಡೆಯ ಬೆಂಚಿಗೆ ನಡೆದೆ. ತೀತಪ್ಪನ ಮುಂದೆ ನಿಂತಾಗ ಅವನ ಪಕ್ಕ ಕೂತಿದ್ದ ಮಾರ್ತವ್ವ ಕಣ್ಣಿಗೆ ಬಿದ್ದಳು. ಇವಳು ಬದುಕಿದಳಲ್ಲ ಎಂದುಕೊಂಡೆ. ಕೈ ತಾನೇ ಮುಷ್ಟಿಯಾಯಿತು, ಕಟಕ ರೊಟ್ಟಿ ಪುಡಿಪುಡಿಯಾಗಿ ನೆಲಕ್ಕೆ ಬಿತ್ತು. ತೀತಪ್ಪ ಬಗ್ಗಿ ಒಂದೊಂದೇ ಚೂರು ಆರಿಸಿ ನನ್ನ ಅಂಗೈಗೇ ತಿರುಗಿ ಹಾಕಿದ. "ಅವಸರಿಲ್ಲವ್ವಾ. ಇಂಥಾದ್ದಕ್ಕ ಅವಸರ ಮಾಡಬಾರದು" ಎಂದ.

ನಾನು ಆ ಮಾತನ್ನೇ ನಂಬಿ ಕೂತೆ. ವರ್ಷಗಳು ಹೋದವು. ಸಿಟ್ಟು ಎಂದು ಹೋಯಿತೋ ನನಗೆ ತಿಳಿಯಲೇ ಇಲ್ಲ. ಹೋದದ್ದು ಗೊತ್ತಾದ ಮೇಲೂ ಮುಂದಿನ ಭೋಜನಕ್ಕೆ ಕೊಟ್ಟರಾಯಿತು, ಈಸ್ಟರಿಗೆ ಕೊಟ್ಟರಾಯಿತು ಎಂದುಕೊಂಡೆ. ಈ ಉರಿಗಾಲದಲ್ಲಿ ಒಂದು ಬೆಳಿಗ್ಗೆ ಮಾರ್ತವ್ವ ನನ್ನ ಬಾಗಿಲಿಗೆ ಬಂದಳು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. "ನಮ್ಮ ಮನಿಯವರು ನನ್ನೂ ಗುರುತ ಹಿಡಿಯವಲ್ರು ಅಕ್ಕಾ. ಬರೇ ಕದ ಕದ ಅಂತಾರ" ಎಂದಳು. ನನ್ನನ್ನು ಬಾ ಎನ್ನಲಿಲ್ಲ, ರೊಟ್ಟಿಯ ಸುದ್ದಿ ಎತ್ತಲಿಲ್ಲ. ನಾನೇ ಅಯ್ಯನವರಲ್ಲಿಗೆ ಓಡಿ, ಪ್ರಾರ್ಥಿಸಿದ ರೊಟ್ಟಿ ಇಸಿದುಕೊಂಡು ಹೋದೆ.

ತೀತಪ್ಪ ಹೊರಸಿನ ಮೇಲೆ ಮಲಗಿದ್ದ. ಬಲಗೈ ಹೊರಸಿನ ಚೌಕಟ್ಟನ್ನು ಅದುಮಿ ಹಿಡಿದಿತ್ತು, ನರಗಳೆಲ್ಲ ಎದ್ದಿದ್ದವು. ಹಗಲೂ ರಾತ್ರಿ ಹಾಗೇ ಹಿಡಿದಿರುತ್ತಾನೆಂದು ಮಾರ್ತವ್ವ ಹೇಳಿದಳು. ನಾನು ನನ್ನ ಹೆಸರು ಹೇಳಿದೆ. ಅದು ಅವನಿಗೆ ತಾಗಲಿಲ್ಲ.

"ಕದ ಹಾಕಬ್ಯಾಡ್ರಿ," ಎಂದ. "ಇನ್ನಾ ಒಬ್ಬಾಕಿ ಬರಬೇಕು. ಪೇಟಿ ತರಾಕ ಹೋಗ್ಯಾಳ."

ಮನ್ನಿಸಿದ್ದೇನೆ ಎನ್ನಲು ಹೋಗಿದ್ದೆ. ಯಾರಿಗೆ ಹೇಳಲಿ? ತಪ್ಪು ಮಾಡಿದವನು ಅಲ್ಲಿರಲಿಲ್ಲ. ತಪ್ಪು ಆಗದಂತೆ ಇನ್ನೂ ಹಿಡಿದುಕೊಂಡೇ ಇರುವವನೊಬ್ಬ ಇದ್ದ. ನಾನು ಆ ಕೈಯ ಮೇಲೆ ಕೈಯಿಟ್ಟೆ.

"ಬಂದಾಳ್ರಿ, ತೀತಪ್ಪನವರ. ಒಳಗ ಬಂದಾಳ. ಕೈ ಬಿಡ್ರಿ."

"ಖರೇನ? ನೀವು ನೋಡಿದ್ರೇನು?"

"ನಾ ಅಕಿ ಅವ್ವ ಅದೇನ್ರಿ."

ಹಾಗೆಂದದ್ದು ಸುಳ್ಳೋ ನನ್ನ ವಿಶ್ವಾಸವೋ, ಬಿಡಿಸಿ ಹೇಳಲಾರೆ. ಅಯ್ಯನವರು ಎರಡನೆಯದು ಎನ್ನುತ್ತಾರೆ. ಅವನ ಬೆರಳುಗಳು ಮೆಲ್ಲಗೆ ಸಡಿಲಾದವು. ಆ ಅಂಗೈಯಲ್ಲಿ ರೊಟ್ಟಿ ಇಟ್ಟು, "ಮನ್ನಿಸೇನ್ರಿ" ಎಂದೆ. ಯಾವುದಕ್ಕೆಂದು ಅವನಿಗೆ ತಿಳಿಯಲಿಲ್ಲ. ರೊಟ್ಟಿಯನ್ನು ಹೊರಳಿಸಿ ನೋಡಿದ, ಮುರಿದ, ಅರ್ಧವನ್ನು ನನ್ನ ಬಾಯಿಯ ಹತ್ತಿರ ತಂದ.

"ಉರಿಯಾಗಿಂದ ಬಂದೀರಿ," ಎಂದ. "ಮೊದಲ ನೀವು ತಿನ್ರಿ."

ತಿಂದೆ. ಅವನೂ ತಿಂದ, ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ನೆನೆಸಿಕೊಂಡು. ಅದಾದ ವಾರದಲ್ಲಿ ತೀರಿಕೊಂಡ. ಮಣ್ಣು ಮಾಡಿ ಬಂದು ಈ ಕಾಗದಕ್ಕೆ ಕೂತಿದ್ದೇನೆ. ಅವನಿಗೆ ಕೈರೊಟ್ಟಿ ಸಿಕ್ಕಿತೆಂದು ಸಭೆಯವರೆಲ್ಲ ನನ್ನ ಕೈ ಹಿಡಿದು ಸಂತೋಷಪಟ್ಟರು. ಸಿಕ್ಕಿತು, ನಿಜ. ಸಿಕ್ಕಿದ್ದು ಅವನಿಗೆ ಗೊತ್ತಾಗಲಿಲ್ಲ. ಕರ್ತನ ಸನ್ನಿಧಿಯಲ್ಲಿ ಅವನಿಗೆ ಎಲ್ಲ ನೆನಪು ಮರಳಿದಾಗ ತಬ್ಬಿಯೇ ತಿಳಿಸಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ಈ ಸಂಕಟ ನನ್ನದೇ.

ಹಿರಿಯರೇ, ನೀವಿನ್ನೂ ಬದುಕಿದ್ದೀರಿ, ನಿಮಗೆ ಬೇಕಾದವರೂ ಬದುಕಿದ್ದಾರೆ. ನಿಮ್ಮಲ್ಲಿ ಕೆಲವರಿಗೆ ಹೋಗಿ ಕೇಳಬೇಕಾದದ್ದಿದೆ, ಕೆಲವರಿಗೆ ಹೋಗಿ ಕೊಡಬೇಕಾದದ್ದಿದೆ. ಮನಸ್ಸು ಪೂರ್ತಿ ತಿಳಿಯಾಗಲಿ ಎಂದು ಕಾಯಬೇಡಿ, ಹಬ್ಬ ಬರಲಿ ಎಂದೂ ಕಾಯಬೇಡಿ. ಅವಸರಿಲ್ಲ ಎಂದು ಅವರೇ ಹೇಳಿದರೂ ನಂಬಬೇಡಿ. ಅವರಿಗೆ ನಿಮ್ಮ ಗುರುತು ಇರುವಾಗಲೇ ಹೋಗಿ.

ನಿಮ್ಮವಳು,
ದೆಬೋರವ್ವ