ಮುಂಗೈ ತಪ್ಪಿದ ಬಳೆ

೧೧ ನವೆಂಬರ್, ಮಂಗಳವಾರ. ಹಾನಗಲ್.

ಇವತ್ತು ಅಂಗಡಿಯಲ್ಲಿ ಫೋಟೊ ಮೂಡಿಸಿಕೊಟ್ಟ ಆ ಟೈಲ್ಸು ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ಅಕ್ಕಿಆಲೂರಿನ ಉಡಚವ್ವ, ತೀರಿಹೋದ ತನ್ನ ಮಗಳು ರಾಜಶ್ರೀಯ ಫೋಟೊ ತಂದಿದ್ದಳು. ಆಕೆ ತೀರಿಕೊಂಡಾಗ ಬಸುರಿ; ಕುಬಸ, ಅಂದರೆ ಸೀಮಂತ, ಮಾಡಿ ಬಳೆ ತೊಡಿಸಲು ಎಂಟೇ ದಿನ ಉಳಿದಿತ್ತಂತೆ.

"ಮಾರಿ ಹಂಗ ಇರ್ಲಿ ತಂಗಿ, ಕೈಗಷ್ಟ ಹಸಿರು ಬಳಿ ತೊಡಿಸು."

ಲೇಸರ್‌ನಿಂದ ಟೈಲ್ಸಿನ ಮೇಲೆ ಕೆತ್ತಿದಾಗ ಮುಖ, ಕೈ ಎಲ್ಲ ಬೂದುಬಣ್ಣದಲ್ಲಿ ಚೆನ್ನಾಗಿಯೇ ಮೂಡಿದವು. ಆಮೇಲೆ ಬಳೆ ಅಚ್ಚಾದ ಕಾಗದವನ್ನು ಮುಂಗೈ ಮೇಲಿಟ್ಟು, ಅಲುಗದಂತೆ ಟೇಪು ಹಚ್ಚದೆ, ಬಿಸಿಯಿಂದ ಬಣ್ಣ ಇಳಿಸುವ ಹೀಟ್ ಪ್ರೆಸ್ ಅದುಮಿದೆ. ಕಾಗದ ಜಾರಿ, ಹಸಿರು ಮುಂಗೈ ಬಿಟ್ಟು ಪಕ್ಕದ ಖಾಲಿ ಜಾಗದಲ್ಲಿ ಕೂತಿತು. ಬಿಸಿಗೆ ಒಳಗಿಳಿದ ಬಣ್ಣ, ಎಷ್ಟು ಉಜ್ಜಿದರೂ ಹೋಗದು.

ಇನ್ನೊಂದು ಮಾಡಿಕೊಡುತ್ತೇನೆಂದೆ. ಉಡಚವ್ವ ಅದನ್ನೇ ಸೆರಗಿನಲ್ಲಿ ಸುತ್ತಿಕೊಂಡಳು.

"ಬ್ಯಾಡ ಬಿಡವ್ವಾ. ಆಕಿ ಕೈಗೆ ಬಳಿ ಆವಾಗೂ ಬರ್ಲಿಲ್ಲ, ಈಗೂ ಬರ್ಲಿಲ್ಲ."

ಆಕೆ ಬೈದಿದ್ದರೂ ಸಮಾಧಾನ ಆಗುತ್ತಿತ್ತು. ಒಂದು ತುಂಡು ಟೇಪು ಹಚ್ಚಿದ್ದರೆ...