ಚಲುವಮ್ಮನ ಕುರ್ಚಿ ಎಲ್ಲಿಡೋದು?

ನಾಗಮಂಗಲ
೧೨-೨-೧೯೯೬, ಸೋಮವಾರ

ಸಿಂಧಘಟ್ಟದಲ್ಲಿ ನನ್ನ ದಾರಿ ನೋಡ್ತಿರೋ ಅವ್ವನಿಗೆ ಸುಧ ಮಾಡುವ ನಮಸ್ಕಾರ.

ಚೆನ್ನಾಗಿದ್ದೀನಿ ಅಂತ ಬರೆಯೋಕೆ ಕೂತೆ. ಸುಳ್ಳು ಯಾಕೆ, ಚೆನ್ನಾಗಿಲ್ಲ. ಅನ್ನ ಸೇರ್ತಿಲ್ಲ. ಕೂತರೆ ಏಳಬೇಕು, ಎದ್ದರೆ ಓಡಾಡಬೇಕು ಅನ್ನಿಸ್ತದೆ. ಈ ಕಾಗದವನ್ನ ನಿನಗೆ ಅಪ್ಪನೇ ಓದಿ ಹೇಳ್ತಾರೆ ಅಂತ ಗೊತ್ತು. ಮುಜುಗರದ ಮಾತು ಬಂದ್ರೆ ಕೆಮ್ಮಿಕೊಂಡು ಮುಂದಿನ ಸಾಲಿಗೆ ಹಾರಬಾರದು ಅಂತ ಈಗಲೇ ಹೇಳಿಬಿಡು.

ವಿಗ್ರಹ ಎರಕ ಹೊಯ್ಯೋರ ಸಂಘಕ್ಕೆ ನಾನಿಲ್ಲಿ ಆಫೀಸು ಮಾಡಿಕೊಟ್ಟಿದ್ದು ನಿನಗೆ ಗೊತ್ತಲ್ಲ. ಒಳಾಂಗಣ ವಿನ್ಯಾಸ ಅಂದ್ರೆ ಏನೇ ಅಂತ ನೀನು ಕೇಳಿದಾಗ, ಒಳಗೆ ಯಾರು ಎಲ್ಲಿ ಕೂರಬೇಕು ಅಂತ ಹೇಳೋ ಕೆಲಸ ಅಂದಿದ್ದೆ. ಅಧ್ಯಕ್ಷ ಅಂದಾನಯ್ಯನೋರು, ಕೆಲಸವೂ ಆಗಬೇಕು, ಬಂದೋರಿಗೆ ಮಾಲೂ ಕಾಣಬೇಕು ಅಂದ್ರು. ನಡುವಿನ ಗೋಡೆ ಒಡೆಸಿ ಒಂದೇ ಉದ್ದನೆ ಹಾಲ್ ಮಾಡಿದೆ. ಈ ಕಡೆ ಮೇಜು, ಟೈಪ್ ಮಿಷನ್ನು. ಆ ಕಡೆ ತೇಗದ ಪೀಠಗಳ ಮೇಲೆ ಕಂಚಿನ ನಟರಾಜ, ವೇಣುಗೋಪಾಲ, ಲಕ್ಷ್ಮಿ, ಒಂದೊಂದಕ್ಕೂ ಬೆಲೆಚೀಟಿ. ಮೇಲೆ ಹಂಚಿನ ನಡುವೆ ಗಾಜು ಹಾಕಿಸಿದ್ದೀನಿ. ಬೆಳಗಿನ ಬಿಸಿಲು ಇಳಿದ್ರೆ, ಅವ್ವ, ನೋಡೋಕೆ ಎರಡು ಕಣ್ಣು ಸಾಲದು. ಬೀಗಿಬಿಟ್ಟಿದ್ದೆ.

ಸಂಕ್ರಾಂತಿಗೆ ಮುಂಚೆ ಆಫೀಸು ಶುರುವಾದ ದಿನ ಅಂದಾನಯ್ಯನೋರು ಪುರೋಹಿತರನ್ನ ಕರೆಸಿ, ವಿಗ್ರಹಗಳಿಗೆಲ್ಲ ಅರಿಶಿನ ಕುಂಕುಮ ಇಡಿಸಿ ಮಂಗಳಾರತಿ ಮಾಡಿಸಿದ್ರು. ಅವತ್ತಿಂದ ದಿನವೂ ಆರತಿ, ಚಪ್ಪಲಿಗಳೆಲ್ಲ ಬಾಗಿಲಾಚೆ. ನಾನು ನಕ್ಕೆ. ಎಂಥ ಪೆದ್ದಿ ನಾನು! ಮುಂದಿನ ವಾರ ಟೈಪಿಸ್ಟ್ ಚಲುವಮ್ಮ ಬರಲಿಲ್ಲ. ರಜದ ಚೀಟಿಯಲ್ಲಿ ಮೂರು ದಿನ ಹೊರಗೆ ಅಂತ ಬರೆದಿದ್ದಳು. ಯಾವೂರಿಗೆ ಹೋದಳಂತೆ ಅಂದ್ರು ಅಂದಾನಯ್ಯನೋರು. ಗುಮಾಸ್ತ ಕಿವೀಲಿ ಹೇಳಿದ ಮೇಲೆ ಅವರ ಮುಖ ನೋಡಬೇಕಿತ್ತು.

ಹಳೇ ಆಫೀಸಿಗೆ ಆ ದಿನಗಳಲ್ಲೂ ಅವಳು ಬರ್ತಿದ್ದಳು, ಯಾರೂ ಕೇಳ್ತಿರಲಿಲ್ಲ. ಈಗ ಎದುರಿಗೇ ದೇವರ ಸಾಲು. ಆಫೀಸು ಚೆಂದಾಗಿ ಅದೆ ಕಣಕ್ಕ, ನನ್ನ ಕುರ್ಚಿ ಮಾತ್ರ ಗುಡಿಯೊಳಕ್ಕೆ ಬಿದ್ದೋಗ್ಯದೆ ಅಂದಳು. ಈ ತಿಂಗಳೂ ರಜ ಹಾಕವಳೆ. ಕಾಗದ ಪತ್ರ ಹಂಗೇ ಬಿದ್ದಾವೆ. ಈಗ ಅಧ್ಯಕ್ಷರದು ಒಂದೇ ಹಠ. ಹಿಂದೆ ಸೈಕಲ್ ನಿಲ್ಲಿಸೋ ಸಂದಿಯಲ್ಲಿ ಅವಳಿಗೊಂದು ಪ್ಲೈವುಡ್ ಗೂಡು ಮಾಡಿಕೊಡಬೇಕಂತೆ, ಇಲ್ಲದಿದ್ರೆ ಗಂಡಸು ಟೈಪಿಸ್ಟನ್ನ ತಗೋತಾರಂತೆ. ನಕ್ಷೆ ನಾಳೆಯೇ ಬೇಕಂತೆ. ಬೆಲೆಚೀಟಿ ಅಂಟಿಸಿರೋದು ದೇವರು ಹೆಂಗಾಯ್ತದೆ ಸಾರ್ ಅಂತ ಜಗಳ ಆಡಿದೆ. ಕರ್ಪೂರ ಹಚ್ಚಾಯ್ತಲ್ಲಮ್ಮ ಅಂದುಬಿಟ್ರು.

ಚಲುವಮ್ಮನ ಸಂಬಳದಲ್ಲೇ ಅವಳ ಮನೆ ನಡೀಬೇಕು. ಗೂಡು ಬರೆದುಕೊಟ್ರೆ ಕೆಲಸ ಉಳೀತದೆ, ಇಲ್ಲದಿದ್ರೆ ಹೋಯ್ತದೆ. ಪೆನ್ಸಿಲ್ ಹಿಡಿದ್ರೆ ನಮ್ಮ ಹಿತ್ತಿಲ ಕಡೆ ಜಗಲಿಯೇ ಕಣ್ಣಿಗೆ ಬರ್ತದೆ. ನೀನು ನನಗೆ ಬೇರೆ ಚಾಪೆ, ಬೇರೆ ತಟ್ಟೆ ಲೋಟ ಇಡ್ತಿದ್ದ ಜಾಗ. ನನ್ನನ್ನ ಮೈಸೂರಿಗೆ ಓದೋಕೆ ಕಳಿಸಲೇಬೇಕು ಅಂತ ಅಪ್ಪನ ಹತ್ರ ಜಗಳ ಆಡಿದವಳೂ ನೀನೇ. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ಆಗಲ್ಲ, ಸುಮ್ಮನಿರೋಕೂ ಆಗಲ್ಲ ಕಣವ್ವ.

ಗೂಡನ್ನ ಮಾತ್ರ ನಾನು ಬರೆಯಲ್ಲ. ನಾಳೆ ಅಂದಾನಯ್ಯನೋರಿಗೆ ಒಂದು ಮಾತು ಹೇಳೋದಿದೆ. ಬಾಯಿ ಬರ್ತದೋ ಇಲ್ಲವೋ ಅಂತಲೇ ಈ ಚಡಪಡಿಕೆ.

ಶಿವರಾತ್ರಿಗೆ ಬರ್ತೀನಿ. ತಂಬಿಟ್ಟು ಮಾಡಿರು.

ನಿನ್ನ ಹಠಮಾರಿ ಮಗಳು,
ಸುಧ

ತಾ.ಕ.: ಅಪ್ಪಾ, ಇದನ್ನ ಅವ್ವನಿಗೆ ಕೇಳೋ ಹಾಗೆ ಗಟ್ಟಿಯಾಗಿ ಓದಿ. ನಾನಿವತ್ತು ಹೊರಗೆ. ಬೆಳಿಗ್ಗೆಯಿಂದ ಚಲುವಮ್ಮನ ಕುರ್ಚಿಯಲ್ಲೇ ಕೂತಿದ್ದೀನಿ, ಈ ಕಾಗದ ಬರೆದದ್ದೂ ಇಲ್ಲೇ, ಲಕ್ಷ್ಮಿಯ ಎದುರಿಗೆ. ಅಂದಾನಯ್ಯನೋರು ಈಗ ತಾನೇ ಆರತಿ ಮುಗಿಸಿ, ಪ್ರಸಾದವನ್ನ ಮೊದಲು ನನ್ನ ಕೈಗೇ ಕೊಟ್ಟು, ಇವತ್ತು ಆಫೀಸಿಗೇ ಒಂದು ಕಳೆ ಬಂದದೆ ಕಣಮ್ಮ ಅಂದ್ರು.