ಕಪ್ಪಿಟ್ಟ ಕರಡಿಗೆ

ಗೋಕಾಕ
೧೨ ಡಿಸೆಂಬರ್ ೨೦೨೪, ಸಂಜೆ

ಪ್ರೀತಿಯ ಅಣ್ಣಾ,

ಕಣ್ಣಿನ ಹಳದಿ ಎಷ್ಟು ಇಳಿದಿದೆ? ಬೆಲ್ಲದ ಬಾಗೇವಾಡಿಯಲ್ಲಿ ಅತ್ತೆ ನಿನಗೆ ಬರೀ ಮಜ್ಜಿಗೆ ಅನ್ನ ಹಾಕುತ್ತಿದ್ದಾರೆಂದೂ ನೀನು ಕದ್ದು ಮಿರ್ಚಿ ತರಿಸಿದೆಯೆಂದೂ ಸುದ್ದಿ ಬಂದಿದೆ. ಕಾಮಾಲೆ ಪೂರ್ತಿ ಹೋಗುವವರೆಗೆ ಅವರ ಮಾತು ಕೇಳು. ಹುಕ್ಕೇರಿಯ ಕೇದಾರಿಯವರಿಗೆ ನಿನ್ನ ಆ ದಪ್ಪ ಉಕ್ಕಿನ ಒತ್ತಡದ ಪಾತ್ರೆ, ಆಟೋಕ್ಲೇವ್ ಮಾರಿ ಪ್ರಯೋಗದ ಶೆಡ್ಡಿಗೆ ಬೀಗ ಹಾಕುವುದೆಂದು ನೀನು ನಿಶ್ಚಯಿಸಿದ ಮೇಲೆ ಫೋನಿನಲ್ಲಿ ಆ ಮಾತು ತೆಗೆದರೆ ಸಾಕು, "ಅದ ಮುಗದೈತಿ, ಬಿಡು" ಎಂದು ಇಟ್ಟುಬಿಡುತ್ತೀ. ನನಗೂ ಎದುರು ಮಾತು ಬರುವುದಿಲ್ಲ. ಅದಕ್ಕೇ ಈ ಕಾಗದ. ನಾಳೆ ಈಶ್ವರ ಮಾಮಾ ತಂದುಕೊಡುತ್ತಾರೆ.

ಇವತ್ತು ಬೆಳಿಗ್ಗೆ ಅವ್ವ ಹಬ್ಬಕ್ಕಷ್ಟೇ ಕಟ್ಟಿಕೊಳ್ಳುವ ಬೆಳ್ಳಿಯ ಲಿಂಗದ ಕರಡಿಗೆಯನ್ನು ಹೊರತೆಗೆದಳು. ರೊಟ್ಟಿ ಹಂಚಿನ ಹಾಗೆ ಕಪ್ಪಾಗಿತ್ತು. ದೀಪಾವಳಿಗೆ ನಾನೇ ತಿಕ್ಕಿ ಹೊಳಪು ಬರಿಸಿದ್ದೆ. ಪೆಟ್ಟಿಗೆಯಲ್ಲಿ ಅದರ ಪಕ್ಕಕ್ಕೇ ಇದ್ದ ಬೆಳ್ಳಿ ಬಟ್ಟಲಿಗೆ ಏನೂ ಆಗಿರಲಿಲ್ಲ. ಕರಡಿಗೆಗೆ ಮಾತ್ರ ಅವ್ವ ಒಂದು ಅರಿವೆಯ ತುಂಡು ಸುತ್ತಿದ್ದಳು. ತುಕ್ಕಾನಟ್ಟಿಯ ಕಾಕಾನ ಬೆಲ್ಲದ ಗಾಣದಿಂದ ನೀನು ತಂದ ಸೋಸುವ ಅರಿವೆ ಅದು. "ಹೊಸಾದು ಯಾಕ ಬೇಕವ್ವಾ, ಕಾಕಾನ ಕಡೆ ಬೇಕಾದಷ್ಟ ಐತಿ, ಗಟ್ಟಿನೂ ಐತಿ" ಎಂದಿದ್ದೆಯಲ್ಲ. ಶೆಡ್ಡಿನಲ್ಲಿ ಇದ್ದಿಲ ಪುಡಿಯನ್ನು ತೊಳೆದು ಸೋಸುವುದೂ ಅಂದಿನಿಂದ ಅದರಲ್ಲೇ. ಆ ಇದ್ದಿಲಿಗೆ ಕೂರಿಸುವ ನಿನ್ನ ಪಲ್ಲೇಡಿಯಮ್ ಲೋಹ ಜಲಜನಕ ಹೀರುವುದನ್ನು ನಿಲ್ಲಿಸಿದ್ದೂ ಅಂದಿನಿಂದಲೇ.

ಅರಿವೆಯನ್ನು ಮೂಗಿಗೆ ಹಿಡಿದೆ. ಬೆಲ್ಲದ ವಾಸನೆಯ ಅಡಿಯಲ್ಲಿ ಬೆಂಕಿಕಡ್ಡಿ ಗೀರಿದಂಥ ಘಾಟು. "ಎಂ.ಎ. ಮಾಡಿದಾಕಿ ಅರಿವಿ ಮೂಸಕೋಂತ ಕುಂತಾಳ ನೋಡ್ರಿ" ಎಂದು ಅವ್ವ ಗೋಡೆಗೆ ಹೇಳಿದಳು. ನನಗೆ ನೆನಪಾದದ್ದು ಕಾಕಾ. ಕುದಿಯುವ ಕೊಪ್ಪರಿಗೆಗೆ ಬಿಳಿ ಪುಡಿ ಎರಚುತ್ತ, "ಇದು ಬೀಳದಿದ್ರ ಬೆಲ್ಲಕ್ಕ ಬಣ್ಣ ಬರಂಗಿಲ್ಲವ್ವಾ, ಪ್ಯಾಟ್ಯಾಗ ಯಾರೂ ಮುಟ್ಟಂಗಿಲ್ಲ" ಎನ್ನುತ್ತಿದ್ದರಲ್ಲ.

ಶೆಡ್ಡಿಗೆ ಹೋಗಿ ವಿದ್ಯಾಳಿಗೆ ಹೇಳಿದೆ. ನಿನ್ನ ಜೊತೆ ಮೂರೂ ಹೊತ್ತು ಜಗಳವಾಡುವ ನಿನ್ನ ಸಹಾಯಕಿ ಅರಿವೆಯನ್ನು ಕಸಿದು ತಾನೂ ಮೂಸಿ ಸ್ಟೂಲಿನ ಮೇಲೆ ಕೂತಳು. "ಹೈಡ್ರೋಸ್! ಆ ಬಿಳಿ ಪುಡ್ಯಾಗ ಗಂಧಕ ಐತೆಲೇ. ಪಲ್ಲೇಡಿಯಮ್ಮಿಗೆ ಗಂಧಕ ಅಂದ್ರ ವಿಷನ." ಆಮೇಲೆ, "ನಿನ್ನ ಬಾಯಾಗಿಂದ ಇಷ್ಟ ಮಾತ ಬಂದದ್ದ ದೊಡ್ಡ ಪ್ರಯೋಗ ಬಿಡು" ಎಂದಳು.

ಒಂದೇ ಚೀಲದ ಇದ್ದಿಲಿನಲ್ಲಿ ಎರಡು ಪಾಲು ಮಾಡಿದೆವು. ಒಂದನ್ನು ಗಾಣದ ಅರಿವೆಯಲ್ಲಿ ಸೋಸಿದೆವು, ಇನ್ನೊಂದನ್ನು ಸೋಸುವ ಕಾಗದದಲ್ಲಿ. ಎರಡಕ್ಕೂ ಪಲ್ಲೇಡಿಯಮ್ಮಿನ ಕಂದು ನೀರನ್ನು ಹನಿಹನಿಯಾಗಿ ಬಿಟ್ಟಳು. ಕಲಕುತ್ತ ಕಲಕುತ್ತ ಮೇಲಿನ ನೀರು ತಿಳಿಯಾಗುವುದನ್ನು ನೋಡುವುದು ನನಗೆ ಎಷ್ಟು ಇಷ್ಟ ಗೊತ್ತೇ? ಅಷ್ಟು ಲೋಹ ಕಣ್ಣಿಗೆ ಕಾಣದ ಕಣಗಳಾಗಿ ಇದ್ದಿಲಿನ ಸಂದುಗಳಲ್ಲಿ ಮನೆ ಮಾಡುತ್ತದೆ. ಒಣಗಿದರೆ ಬೆಂಕಿ ಹೊತ್ತೀತೆಂದು ಒದ್ದೆಯಾಗಿಯೇ ತೆಗೆದು ಒಂದಾದ ಮೇಲೊಂದು ಆಟೋಕ್ಲೇವಿಗೆ ಹಾಕಿ, ಜಲಜನಕ ಬಿಟ್ಟಳು. ಅರಿವೆಯ ಪಾಲಿಗೆ ಒತ್ತಡದ ಮುಳ್ಳು ಕದಲಲಿಲ್ಲ, ನೀನು ತಿಂಗಳಿಡೀ ನೋಡಿದ ಹಾಗೆಯೇ. ಕಾಗದದ ಪಾಲಿಗೆ ಇಳಿಯತೊಡಗಿತು. ವಿದ್ಯಾ ನಂಬದೆ, ಅನಿಲ ಸೋರುತ್ತಿರಬೇಕೆಂದು ಕೂಡುವಲ್ಲೆಲ್ಲ ಸಾಬೂನು ನೀರು ಹಚ್ಚಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಜಲಜನಕವನ್ನು ಕುಡಿಯುತ್ತಿದ್ದದ್ದು ನಿನ್ನ ಪಲ್ಲೇಡಿಯಮ್ಮೇ.

"ನನ್ನ ಕೈಯಾಗ ಇನ್ನ ಏನೂ ಉಳದಿಲ್ಲ" ಎಂದು ಹೊರಡುವ ದಿನ ನೀನು ಅಂದೆ. ಅಣ್ಣಾ, ಕೆಟ್ಟದ್ದು ನಿನ್ನ ಕೈಯಲ್ಲ.

ಅತ್ತೆಗೆ ನನ್ನ ನಮಸ್ಕಾರ ಹೇಳು. ಅವ್ವ ಹುಣಸೆಹಣ್ಣು ಹಿಡಿದು ಕರಡಿಗೆ ತಿಕ್ಕುತ್ತ, ನಿನಗೂ ಕಾಕಾನಿಗೂ ಒಟ್ಟಿಗೇ ಬಯ್ಯುತ್ತಿದ್ದಾಳೆ. ಅದನ್ನೇ ಆಶೀರ್ವಾದವೆಂದು ತಿಳಿ.

ನಿನ್ನ ತಂಗಿ,
ದಾನೇಶ್ವರಿ

ತಾ.ಕ.: ಮಾಮಾ ಕಾಗದ ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಈಗಷ್ಟೇ ಕೇದಾರಿಯವರಿಗೆ ಫೋನು ಮಾಡಿ, ಸೋಮವಾರ ಟೆಂಪೊ ತರಬೇಡಿರಿ, ಆಟೋಕ್ಲೇವ್ ಕೊಡುವುದಿಲ್ಲ ಎಂದೆ. "ಅಭಿಷೇಕನ್ನ ಕೇಳೀರೇನ್ರಿ?" ಎಂದರು. "ಇಲ್ರಿ" ಎಂದೆ. ಬಯ್ಯುವುದಿದ್ದರೆ ಗುಣವಾಗಿ ಬಂದು ಬಯ್ಯಿ. ಅಲ್ಲಿಯತನಕ ಶೆಡ್ಡಿನ ಬಾಗಿಲು ದಿನಾ ನಾನೇ ತೆಗೆಯುತ್ತೇನೆ.